ಕಣ್ಣು ಬಂದಾಗ



ನಾನು ವೈದ್ಯನಲ್ಲ. ಮೂವತ್ತು ವರುಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾದ ಮೇಲೆ ಮುಂಡಗೋಡ ತಾಲೂಕಿನ ಪಾಳಾಕ್ಕೆ, ಎಂದರೆ ಹುಟ್ಟಿದೂರಿಗೆ, ಮರಳಿ ಬಂದು ನೆಲೆಸಿದವನು. ಹಳಗನ್ನಡ ಪದ್ಯವೊಂದಕ್ಕೆ ಅನ್ವಯ ಹೇಳು ಎಂದರೆ ಹೇಳಬಲ್ಲೆ. ಕಣ್ಣಿಗೆ ಔಷಧ ಹೇಳು ಎಂದರೆ ಬಾಯಿ ಮುಚ್ಚಿಕೊಂಡಿರಬೇಕಾದವನು. ಹಾಗೆ ಬಾಯಿ ಮುಚ್ಚಿಕೊಂಡಿರದ ಸಂದರ್ಭವೊಂದು ನನ್ನ ಬಾಳಿನಲ್ಲಿ ಬಂದುಹೋಯಿತು. ಅದರ ಋಣ ಇನ್ನೂ ತೀರಿಲ್ಲ. ಆದುದರಿಂದ ಕೆಂಗಣ್ಣು ಬೇನೆಯನ್ನು ಕುರಿತು ಇಂದು ನಾನು ಆಡುವ ಮಾತುಗಳಲ್ಲಿ ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದು ಒಂದು ಪಾಲು, ನನ್ನ ತಪ್ಪಿನಿಂದಲೇ ಕಲಿತದ್ದು ಇನ್ನೊಂದು ಪಾಲು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭಾಷೆಯ ಮೇಷ್ಟರಾದುದರಿಂದ ಹೆಸರಿನಿಂದಲೇ ತೊಡಗುವುದು ನನಗೆ ಸುಲಭ. ನಮ್ಮ ಕಡೆ ಈ ಬೇನೆಗೆ 'ಕಣ್ಣು ಬರುವುದು' ಎನ್ನುತ್ತಾರೆ. 'ಅವಗ ಕಣ್ಣ ಬಂದಾವ' ಎಂದರೆ ಕಣ್ಣು ಕೆಂಪಾಗಿ, ನೀರು ಸುರಿದು, ರೆಪ್ಪೆ ಅಂಟಿಕೊಂಡಿದೆ ಎಂದು ಅರ್ಥ. ಒಮ್ಮೆ ತರಗತಿಯಲ್ಲಿ ನುಡಿಗಟ್ಟುಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಕಣ್ಣು ಮೊದಲೇ ಇತ್ತಲ್ಲ ಸರ, ಮತ್ತೆಲ್ಲಿಂದ ಬಂತು ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನನಗೆ ಉತ್ತರ ಹೊಳೆಯಲಿಲ್ಲ. ಮರಾಠಿಗರು 'ಡೋಳೇ ಯೇಣೇ' ಎನ್ನುತ್ತಾರೆ, ಹಿಂದಿಯವರು 'ಆಂಖ್ ಆನಾ' ಎನ್ನುತ್ತಾರೆ. ಎರಡಕ್ಕೂ ಕಣ್ಣು ಬರುವುದೆಂದೇ ಅರ್ಥ ಎಂಬುದನ್ನು ಆಮೇಲೆ ಗಮನಿಸಿದೆ. ಜ್ವರ ಬರುತ್ತದೆ, ಮೈಮೇಲೆ ಅಮ್ಮ ಬರುತ್ತಾಳೆ, ಹಾಗೆಯೇ ಕಣ್ಣೂ ಬರುತ್ತದೆ. ನನ್ನ ಊಹೆ ಇಷ್ಟೇ: ನೆಟ್ಟಗಿರುವಾಗ ಕಣ್ಣೆಂಬುದು ಒಂದು ಇದೆಯೆಂಬ ಅರಿವೇ ನಮಗಿರುವುದಿಲ್ಲ. ಮರಳು ಹೊಕ್ಕಂತೆ ಚುಚ್ಚತೊಡಗಿದಾಗ ಅದು ನಮ್ಮ ಅರಿವಿಗೆ ಬರುತ್ತದೆ. ಭಾಷಾಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ನಾನು ಹೀಗೆ ತಿಳಿದುಕೊಂಡಿದ್ದೇನೆ.

ಇನ್ನು 'ಮದ್ರಾಸ್ ಐ' ಎಂಬ ಹೆಸರು. 1918ರಲ್ಲಿ ಮದರಾಸಿನಲ್ಲಿ ಕಂಡುಬಂದ ಹಾವಳಿಯಿಂದ ಈ ಹೆಸರು ನಿಂತಿತೆಂದು ಹೇಳುತ್ತಾರೆ. ಮದರಾಸಿನವರಿಗೆ ಇದು ರುಚಿಸಿರಲಾರದು. ರೋಗಕ್ಕೆ ಪರವೂರಿನ ಹೆಸರಿಡುವುದು ಮನುಷ್ಯರ ಹಳೆಯ ಚಾಳಿ. 1971ರಲ್ಲಿ ಪೂರ್ವ ಬಂಗಾಲದ ನಿರಾಶ್ರಿತರು ಕಲಕತ್ತೆಯ ಸುತ್ತ ಬಂದು ತುಂಬಿಕೊಂಡಾಗ ಅಲ್ಲಿ ಕಣ್ಣುಬೇನೆ ಹಬ್ಬಿತು. ವಿಮೋಚನೆಯ ಘೋಷಣೆಯಾದ 'ಜೋಯ್ ಬಾಂಗ್ಲಾ' ಎಂಬುದನ್ನೇ ಜನ ಆ ಬೇನೆಗೆ ಇಟ್ಟರು. ಅದಕ್ಕೂ ಎರಡು ವರುಷ ಮೊದಲು, 1969ರಲ್ಲಿ, ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಇದೇ ಬಗೆಯ ರಕ್ತಗಣ್ಣು ತಲೆದೋರಿದ್ದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಹೊತ್ತಿನಲ್ಲಿ. ಅಲ್ಲಿಯ ಜನ ಅದನ್ನು ಅಪೊಲೊ ರೋಗವೆಂದು ಕರೆದರು. ಚಂದ್ರಲೋಕದ ಧೂಳಿಗೂ ಕಣ್ಣಿಗೂ ಸಂಬಂಧವಿಲ್ಲದಿದ್ದರೂ ಕವಿಸಮಯಕ್ಕೆ ಕೊರತೆಯಾಗಲಿಲ್ಲ.

ಇದು ಮುಟ್ಟಿದರೆ ಹರಡುವ ಬೇನೆಯೆಂಬ ತಿಳಿವಳಿಕೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳ ಎಣಿಕೆಯಿದೆ. ಅವುಗಳಲ್ಲಿ 'ಅಭಿಷ್ಯಂದ'ವೆಂಬುದು, ಎಂದರೆ ಕಣ್ಣಿನಿಂದ ಒಸರುವುದು, ನಮ್ಮ ಕೆಂಗಣ್ಣಿಗೆ ಹತ್ತಿರವಾದದ್ದು. ಅದೇ ಗ್ರಂಥದ ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ರೋಗಗಳನ್ನು ಹೆಸರಿಸುವಾಗ ಕುಷ್ಠ, ಜ್ವರ, ಕ್ಷಯಗಳ ಜೊತೆಗೆ ನೇತ್ರಾಭಿಷ್ಯಂದವನ್ನೂ ಕೂಡಿಸಿದ್ದಾರೆ. ದಾಟುವ ದಾರಿಗಳೆಂದು ಅಲ್ಲಿ ಹೇಳಿರುವುದನ್ನು ನೋಡಿ: ಮೈಮುಟ್ಟುವುದು, ಉಸಿರು, ಜೊತೆಯಲ್ಲಿ ಉಣ್ಣುವುದು, ಒಂದೇ ಹಾಸಿಗೆ ಒಂದೇ ಆಸನ, ಒಬ್ಬರ ಬಟ್ಟೆ ಹೂಮಾಲೆ ಗಂಧಲೇಪನಗಳನ್ನು ಮತ್ತೊಬ್ಬರು ಬಳಸುವುದು. ಇದರಲ್ಲಿ 'ನೋಡುವುದು' ಇಲ್ಲ. ಕಣ್ಣು ಬಂದವರನ್ನು ದಿಟ್ಟಿಸಿದರೆ ನಮಗೂ ಬರುತ್ತದೆಂಬ ಭಯ ಊರೂರಿಗೂ ಇದೆ. ಶಾಸ್ತ್ರಕ್ಕೂ ಅದು ಒಪ್ಪಿಗೆಯಲ್ಲ, ಇಂದಿನ ವಿಜ್ಞಾನಕ್ಕೂ ಅಲ್ಲ. ಬೇನೆ ದಾಟುವುದು ನೋಟದಿಂದಲ್ಲ, ಕೈಯಿಂದ. ಕಪ್ಪು ಕನ್ನಡಕ ಹಾಕಿಕೊಂಡವನಿಗೆ ಬಿಸಿಲಿನ ಚುಚ್ಚು ಕಡಿಮೆಯಾಗುತ್ತದೆ, ಕೈ ಪದೇ ಪದೇ ಕಣ್ಣಿಗೆ ಹೋಗುವುದು ಒಂದಿಷ್ಟು ತಪ್ಪುತ್ತದೆ. ಅದರ ಉಪಯೋಗ ಅಷ್ಟೇ.

ನನ್ನ ಪಾಲಿಗೆ ಕಣ್ಣು ಬಂದದ್ದು 2023ರ ಮಳೆಗಾಲದಲ್ಲಿ. ಆ ವರುಷ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ, ದೇಶದ ಬೇರೆ ಕಡೆಗಳಲ್ಲಿಯೂ ಈ ಬೇನೆ ಹಬ್ಬಿದ್ದು ನಿಮಗೆ ನೆನಪಿರಬಹುದು. ಆರೋಗ್ಯ ಇಲಾಖೆ ಸೂಚನೆಗಳನ್ನು ಹೊರಡಿಸಿತ್ತು, ಪತ್ರಿಕೆಗಳು ದಿನವೂ ಬರೆಯುತ್ತಿದ್ದವು. ಅದು ಅಧಿಕ ಶ್ರಾವಣದ ವರುಷ. ಮಗಳು ಅಳಿಯನನ್ನು ಕರೆಯಿಸಿ, ಊಟಕ್ಕಿಕ್ಕಿ, ಬಾಗಿನ ಕೊಟ್ಟು ಕಳಿಸುವ ರೂಢಿ ನಮ್ಮ ಮನೆಯಲ್ಲಿಯೂ ಉಂಟು. ಮೊಮ್ಮಗ ಶಾಲೆಯಿಂದ ಕಣ್ಣು ತಂದಿದ್ದ. ಅವನಿಂದ ನನಗೆ, ನನ್ನಿಂದ ಮನೆಯಾಕೆಗೆ, ಕೈ ಒರೆಸುವ ಒಂದೇ ಪಂಚೆಯಿಂದ ಅಳಿಯನಿಗೆ. ಅವರು ಕೊಂಡೊಯ್ದ ಬಾಗಿನದಲ್ಲಿ ಇದೂ ಸೇರಿತ್ತು.

ಮೊದಲ ದಿನ ಎಡಗಣ್ಣಿನಲ್ಲಿ ಕಸ ಬಿದ್ದಂತೆ ಅನಿಸಿತು. ಉಜ್ಜಿದೆ. ಉಜ್ಜಬಾರದಿತ್ತು. ಸಂಜೆಗೆ ಬಿಳಿಗುಡ್ಡೆಯ ಮೇಲೆ ಕೆಂಪು ನರಗಳು ಎದ್ದವು, ನೀರು ಸುರಿಯತೊಡಗಿತು. ಮರುದಿನ ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡು ತೆರೆಯಲೊಲ್ಲವು. ಮೂರನೆಯ ದಿನ ಬಲಗಣ್ಣೂ ಅದೇ ದಾರಿ ಹಿಡಿಯಿತು. ಗಂಟಲು ಕೆರೆಯುತ್ತಿತ್ತು, ಕಿವಿಯ ಮುಂದೆ ಅವರೆಕಾಳಿನಷ್ಟು ಗಂಟು ಮುಟ್ಟಿದರೆ ನೋಯುತ್ತಿತ್ತು. ಇಷ್ಟೆಲ್ಲ ಇದ್ದರೂ ಒಂದು ಇರಲಿಲ್ಲ: ಗೀಜನ್ನು ಒರೆಸಿ ನಾಲ್ಕು ಸಲ ರೆಪ್ಪೆ ಬಡಿದರೆ ಪಂಚಾಂಗದ ಸಣ್ಣ ಅಕ್ಷರವೂ ನಿಚ್ಚಳವಾಗಿ ಕಾಣುತ್ತಿತ್ತು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಮಾತಿಗೆ ಮರಳಿ ಬರುತ್ತೇನೆ.

ಅದೇ ವರುಷದ ಆರಂಭದಲ್ಲಿ ನನಗೆ ಬಲಗಣ್ಣಿನ ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಆಗಿತ್ತು. ಕಣ್ಣಿಗೆ ಶಸ್ತ್ರಚಿಕಿತ್ಸೆ ಆದವರು ಕಣ್ಣು ಕೆಂಪಾದರೆ ಮನೆಯಲ್ಲಿ ಕೂಡಬಾರದು ಎಂದು ಹೇಳಿ ಕಳಿಸಿದ್ದರು. ಅದಕ್ಕಾಗಿ ಹುಬ್ಬಳ್ಳಿಗೆ ಹೋದೆವು. ವೈದ್ಯರು ದೀಪದ ಯಂತ್ರದ ಮುಂದೆ ಗದ್ದ ಇರಿಸಿಕೊಂಡು ನೋಡಿ, ಇದು ವೈರಸ್ಸಿನಿಂದ ಬಂದುದು, ತಾನಾಗಿ ಹೋಗುತ್ತದೆ, ಆ್ಯಂಟಿಬಯಾಟಿಕ್ ಹನಿ ಬೇಕಿಲ್ಲ ಎಂದರು. ಕೃತಕ ಕಣ್ಣೀರು ಎಂಬ ಹನಿಯೊಂದನ್ನಷ್ಟೇ ಬರೆದುಕೊಟ್ಟರು. ಕೃತಕ ಕಣ್ಣೀರು ನಾಟಕದವರಿಗಷ್ಟೇ ಬೇಕಾಗುವುದೆಂದು ನಾನು ತಿಳಿದಿದ್ದೆ. ಹೊರಗೆ ಬಂದ ಮೇಲೆ ಮನೆಯಾಕೆ, 'ಇಷ್ಟು ದೂರ ಬಂದು ಬರಿಗೈಲೆ ಹೋಗೂದೇನ್ರಿ' ಎಂದು ಗೊಣಗಿದಳು. ಆಕೆಯ ಮಾತು ಆಕೆಯೊಬ್ಬಳದೇ ಅಲ್ಲ. ಔಷಧ ಕೊಡದ ವೈದ್ಯರಲ್ಲಿ ನಮಗೆ ನಂಬಿಕೆ ನೆಲೆಗೊಳ್ಳುವುದಿಲ್ಲ. ಈ ಬೇನೆಯಲ್ಲಿಯಾದರೋ ಕೊಡದಿರುವುದೇ ಹಲವು ಸಲ ಸರಿಯಾದ ಚಿಕಿತ್ಸೆ.

ಅಂದು ಅವರು ತಿಳಿಸಿಕೊಟ್ಟದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಣ್ಣಿನ ಬಿಳಿಗುಡ್ಡೆಯ ಮೇಲೆ ಹಾಸಿಕೊಂಡು, ರೆಪ್ಪೆಗಳ ಒಳಮೈಗೆ ಮಡಚಿಕೊಂಡಿರುವ ತೆಳುವಾದ ಪೊರೆಯೊಂದಿದೆ. ಅದು ಕೆರಳಿ, ಅದರ ಸಣ್ಣ ರಕ್ತನಾಳಗಳು ಉಬ್ಬಿದಾಗ ಕಣ್ಣು ಕೆಂಪಾಗುತ್ತದೆ. ಕೆರಳಿಸುವವರು ಮೂವರು. ವಯಸ್ಕರಲ್ಲಿ ಹೆಚ್ಚಿನ ಪಾಲು ವೈರಸ್ಸು, ಅದರಲ್ಲಿಯೂ ನೆಗಡಿ ತರುವ ಅಡಿನೊವೈರಸ್ ಎಂಬ ಕುಲ. ನೀರಾದ ಒಸರು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಎರಡು ಮೂರು ದಿನಗಳಲ್ಲಿ ದಾಟುವುದು, ನೆಗಡಿ ಗಂಟಲುನೋವು ಜೊತೆಗಿರುವುದು ಇದರ ಲಕ್ಷಣ. ಮೊದಲ ನಾಲ್ಕೈದು ದಿನ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಒಂದರಿಂದ ಎರಡು ವಾರ, ಕೆಲವರಿಗೆ ಮೂರು ವಾರ ಹಿಡಿಯುತ್ತದೆ. ರಕ್ತಗಣ್ಣಿನ ಬಗೆಯಾದರೆ ಸೋಂಕಿದ ಒಂದೆರಡು ದಿನಗಳಲ್ಲಿಯೇ ಎರಗಿ, ಬಿಳಿಗುಡ್ಡೆಯಲ್ಲಿ ರಕ್ತ ಚೆಲ್ಲಿ ಅಂಜಿಸಿ, ವಾರದೊಳಗೆ ಹೊರಟುಹೋಗುತ್ತದೆ. ಎರಡನೆಯವು ಬ್ಯಾಕ್ಟೀರಿಯಗಳು. ಅವು ಬಂದರೆ ನೀರಿನ ಬದಲು ಹಳದಿ ಹಸಿರು ಬಣ್ಣದ ದಪ್ಪ ಕೀವು. ಒರೆಸಿದಷ್ಟೂ ದಿನವಿಡೀ ಕೂಡುತ್ತಲೇ ಇರುತ್ತದೆ. ಇದಕ್ಕೆ ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಹನಿ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಮಾತ್ರ ರೆಪ್ಪೆ ಅಂಟುವುದು ಎಲ್ಲ ಬಗೆಯಲ್ಲಿಯೂ ಇರುವುದರಿಂದ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಲಾಗದು. ಮೂರನೆಯದು ಒಗ್ಗದಿಕೆ, ಅಲರ್ಜಿ ಎನ್ನುತ್ತೇವಲ್ಲ, ಅದು. ಎರಡೂ ಕಣ್ಣು ಒಟ್ಟಿಗೆ ಕೆಂಪಾಗುತ್ತವೆ, ನೋವಿಗಿಂತ ತುರಿಕೆ ಮುಂದು, ಸೀನು ಜೊತೆಗಾರ. ಇದು ಯಾರಿಗೂ ಅಂಟುವುದಿಲ್ಲ.

ಆರೈಕೆಯೆಂದರೆ ಏನು ದೊಡ್ಡದಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಗೀಜನ್ನು ಒರೆಸುವುದು, ಒಂದು ಕಣ್ಣಿಗೆ ಬಳಸಿದ ಬಟ್ಟೆ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದು. ಉರಿಯಾದಾಗ ತಣ್ಣೀರ ಬಟ್ಟೆ ಕಣ್ಣಿನ ಮೇಲೆ ಇರಿಸಿಕೊಂಡು ಮಲಗುವುದು. ಲೆನ್ಸು ಹಾಕುವವರು ಅದನ್ನು ಬಿಟ್ಟು ಕನ್ನಡಕಕ್ಕೆ ಮರಳಬೇಕು. ಬೇನೆಯ ನಡುವೆ ಹಚ್ಚಿಕೊಂಡ ಕಾಡಿಗೆಯ ಡಬ್ಬಿ ಎಷ್ಟೇ ಬೆಲೆಯದಾದರೂ ತಿಪ್ಪೆಗೆ. ಹೆಚ್ಚಿನ ಕೆಲಸವಿರುವುದು ಬೇರೆಯವರಿಗೆ ದಾಟದಂತೆ ತಡೆಯುವುದರಲ್ಲಿ. ಅಡಿನೊವೈರಸ್ಸು ಬಲು ಗಟ್ಟಿಜೀವಿ; ಒಣಗಿದ ಮೇಲೆಯೂ ಬಾಗಿಲ ಚಿಲಕದ ಮೇಲೆ, ಬಸ್ಸಿನ ಕಂಬಿಯ ಮೇಲೆ, ಮೊಬೈಲ್ ಫೋನಿನ ಗಾಜಿನ ಮೇಲೆ ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಉಳಿದಿರುತ್ತದೆ. ಆದುದರಿಂದ ಸಾಬೂನು ಹಚ್ಚಿ ಕೈ ತೊಳೆಯುವುದು, ತನ್ನದೇ ಟವಲು, ತನ್ನದೇ ದಿಂಬು, ದಿಂಬಿನ ಚೀಲವನ್ನು ದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವುವುದು. ನೀರು ಸುರಿಯುವುದು ನಿಲ್ಲುವ ತನಕ ಲಗ್ನ, ಜಾತ್ರೆ, ತರಗತಿಗಳಿಗೆ ಹೋಗದಿರುವುದು. ಎಂಬತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ವಸತಿಗೃಹದ ಒಂದೇ ಸಾಲಿನ ಕೋಣೆಗಳವರೆಲ್ಲರಿಗೂ ಕಣ್ಣು ಬಂದು, ಪರೀಕ್ಷೆಯ ಹೊತ್ತಿಗೆ ಒಬ್ಬರು ಓದಿ ಹೇಳುವುದು, ಉಳಿದವರು ಕಣ್ಣು ಮುಚ್ಚಿ ಕೇಳುವುದು ನಡೆದಿತ್ತು. ಕಾವ್ಯವನ್ನು ಕಿವಿಯಿಂದ ಓದಲು ಕಲಿತದ್ದು ಆಗಲೇ. ನಮಗೆಲ್ಲ ಒಂದೇ ಬಕೀಟು ಇತ್ತೆಂಬುದು ಅಂದು ಯಾರಿಗೂ ಹೊಳೆದಿರಲಿಲ್ಲ.

ಮನೆಮದ್ದುಗಳ ಬಗ್ಗೆ ಒಂದು ಮಾತು. ನಂದಿಬಟ್ಟಲ ಹೂವಿನ ರಸ, ತಾಯಿಯ ಎದೆಹಾಲು, ಜೇನು, ಗುಲಾಬಿ ನೀರು ಎಂದು ನಮ್ಮ ಅಜ್ಜಿಯಂದಿರು ಕಣ್ಣಿಗೆ ಬಿಡುತ್ತಿದ್ದರು. ಅವರ ಅಕ್ಕರೆಯನ್ನು ನಾನು ಹಳಿಯಲಾರೆ. ತಾನಾಗಿಯೇ ವಾಸಿಯಾಗುವ ಬೇನೆಗೆ ಏನು ಬಿಟ್ಟರೂ ಕೀರ್ತಿ ಬಿಟ್ಟದ್ದಕ್ಕೇ ಹೋಗುತ್ತದೆ. ಆದರೆ ಹೂವಿನಲ್ಲಿ ಮಣ್ಣಿನ ಬೂಷ್ಟು ಇರುತ್ತದೆ, ಬಟ್ಟಲಲ್ಲಿ ಧೂಳು ಇರುತ್ತದೆ. ಗಾಯವಾದ ಕಣ್ಣಿಗೆ ಅವು ಹೊಕ್ಕರೆ ಏನಾಗುತ್ತದೆಂಬುದನ್ನು ಈಗ ಹೇಳುವವನಿದ್ದೇನೆ.

ಮುಂಡಗೋಡ ತಾಲೂಕು ಹೆಸರಿಗೆ ಉತ್ತರ ಕನ್ನಡ ಜಿಲ್ಲೆಯದಾದರೂ ಹಾನಗಲ್ಲ, ಶಿಗ್ಗಾಂವ ಸೀಮೆಗಳಿಗೆ ಮೈ ಹಚ್ಚಿಕೊಂಡ ಅರೆಮಲೆನಾಡು. ಭತ್ತ ನಮ್ಮ ಮುಖ್ಯ ಬೆಳೆ, ಇತ್ತೀಚೆಗೆ ಗೋವಿನಜೋಳ. ಸುಗ್ಗಿಯೆಂದರೆ ಒಕ್ಕಣೆ, ಒಕ್ಕಣೆಯೆಂದರೆ ಹೊಟ್ಟು. ಯಂತ್ರ ಬಂದ ಮೇಲೆ ಹೊಟ್ಟು ಇನ್ನೂ ರಭಸದಿಂದ ಮುಖಕ್ಕೆ ಹಾರುತ್ತದೆ. ಅದೇ 2023ರ ಡಿಸೆಂಬರ್ ತಿಂಗಳಲ್ಲಿ ಒಂದು ಸಂಜೆ, ನಮ್ಮ ಹೊಲದ ಕೆಲಸಕ್ಕೆ ಮೊದಲಿನಿಂದಲೂ ಬರುತ್ತಿದ್ದ ಒಬ್ಬರು ಕಟ್ಟೆಯ ಕೆಳಗೆ ಬಂದು ನಿಂತರು. ನನಗಿಂತ ಹತ್ತು ಹನ್ನೆರಡು ವರುಷ ಚಿಕ್ಕವರು. ತಲೆಯ ವಸ್ತ್ರದ ತುದಿಯಿಂದ ಬಲಗಣ್ಣನ್ನು ಒತ್ತಿ ಹಿಡಿದಿದ್ದರು.

'ಕಣ್ಣ ಬಂದೈತ್ರಿ ಸರ.'

ನಾನು ನೋಡಿದೆ. ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ಜುಲೈ ತಿಂಗಳಿನಲ್ಲಿ ನಾನೇ ಅನುಭವಿಸಿದ ಬೇನೆ. ಅದರ ವಿಷಯದಲ್ಲಿ ನಾನು ಪಂಡಿತನಾಗಿಬಿಟ್ಟಿದ್ದೆ. 'ಏನ ಆಗೂದಿಲ್ಲೋ ಮಾರಾಯ, ವಾರದಾಗ ಹೋಗತೈತಿ' ಎಂದೆ. ಮೋತಿಬಿಂದುವಿನ ಶಸ್ತ್ರಚಿಕಿತ್ಸೆಯಾದಾಗ ಬರೆದುಕೊಟ್ಟಿದ್ದ ಹನಿಯ ಶೀಶೆ ಕಪಾಟಿನಲ್ಲಿ ಅರ್ಧ ಉಳಿದಿತ್ತು. ಒಳಗೆ ಹೋಗಿ ತಂದು ಕೊಟ್ಟೆ. ಬೆಲೆಯ ಔಷಧ, ಸುಮ್ಮನೆ ಹಾಳಾಗುವುದು ಬೇಡ, ಬಡವನಿಗೆ ಉಪಯೋಗವಾಗಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ಎರಡೂ ಕೈಯಿಂದ ತೆಗೆದುಕೊಂಡರು.

ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಈಗ ಒಂದೊಂದಾಗಿ ನೆನಪಾಗುತ್ತವೆ. ಕಣ್ಣಿಗೆ ಏನಾದರೂ ಬಡಿಯಿತೇ ಎಂದು ಕೇಳಲಿಲ್ಲ. ಬಡಿದಿತ್ತು, ಎರಡು ದಿನದ ಹಿಂದೆ ಒಕ್ಕುವಾಗ ಭತ್ತದ ಹೊಟ್ಟು ಹೊಕ್ಕಿತ್ತು, ಕಣದಲ್ಲಿಯೇ ಯಾರೋ ಸೆರಗಿನ ತುದಿಯಿಂದ ತೆಗೆದಿದ್ದರು. ಊರಲ್ಲಿ ಬೇರೆ ಯಾರಿಗಾದರೂ ಕಣ್ಣು ಬಂದಿದೆಯೇ ಎಂದು ಯೋಚಿಸಲಿಲ್ಲ, ಯಾರಿಗೂ ಬಂದಿರಲಿಲ್ಲ. ಒಂದೇ ಕಣ್ಣು ಕೆಂಪಾಗಿ ಎರಡು ದಿನವಾಗಿತ್ತು, ಇನ್ನೊಂದು ಕನ್ನಡಿಯಂತೆ ತಿಳಿಯಾಗಿತ್ತು. ಕಟ್ಟೆಯ ದೀಪ ಹಾಕಿದಾಗ ಅವರು ಮುಖ ತಿರುಗಿಸಿಕೊಂಡರು. ಬೆಳಕು ಅಷ್ಟೊಂದು ನೋಯಿಸುತ್ತಿತ್ತೆಂಬುದು ನನಗೆ ಹೊಳೆಯಲಿಲ್ಲ. ಆ ಕಣ್ಣಿನಿಂದ ಕಾಣುತ್ತದೆಯೇ ಎಂದು ಕೇಳಿದ್ದರೆ, ಮಸುಕಾಗಿದೆ ಎನ್ನುತ್ತಿದ್ದರು. ರೆಪ್ಪೆ ಬಡಿದರೆ ನಿಚ್ಚಳವಾಗುವ ಮಸುಕು ಗೀಜಿನದು. ಬಡಿದರೂ ಹೋಗದ ಮಸುಕು ಕಣ್ಣಿನ ಒಳಗಿನದು. ನನಗೆ ಜುಲೈ ತಿಂಗಳಿನಲ್ಲಿ ಪಂಚಾಂಗ ಕಂಡಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಇಷ್ಟು ವ್ಯತ್ಯಾಸ ತಿಳಿಯಲು ವೈದ್ಯನಾಗಬೇಕಿರಲಿಲ್ಲ.

ಹನಿ ಹಾಕಿದ ಮೇಲೆ ಎರಡು ಮೂರು ದಿನ ಆರಾಮವೆನಿಸಿತಂತೆ. ಕೆಂಪು ಇಳಿಯಿತು, ಉರಿ ತಗ್ಗಿತು. ದಾರಿಯಲ್ಲಿ ಸಿಕ್ಕಾಗ ಕೈಮುಗಿದರು. ನಾನು ಬೀಗಿದೆ. ಆ ಶೀಶೆಯಲ್ಲಿದ್ದದ್ದು ಆ್ಯಂಟಿಬಯಾಟಿಕ್ಕಿನ ಜೊತೆಗೆ ಸ್ಟೀರಾಯ್ಡು. ಶಸ್ತ್ರಚಿಕಿತ್ಸೆಯಾದ ಕಣ್ಣಿನ ಊತ ಇಳಿಸಲು ಅದು ಬೇಕು, ವೈದ್ಯರು ದಿನ ಎಣಿಸಿ ಕೊಡುತ್ತಾರೆ, ದಿನ ಎಣಿಸಿ ನಿಲ್ಲಿಸುತ್ತಾರೆ. ಕೆಂಪನ್ನೂ ಊತವನ್ನೂ ಅಡಗಿಸುವುದು ಅದರ ಗುಣ. ಕೆಂಪೆಂಬುದು ಮೈಯ ಕಾವಲುಗಾರರು ಓಡಿಬಂದ ಗುರುತು; ಸ್ಟೀರಾಯ್ಡು ಕಾವಲುಗಾರರನ್ನು ಮಲಗಿಸುತ್ತದೆ. ಒಳಗೆ ಕಳ್ಳನಿದ್ದರೆ ಅವನಿಗೆ ಹಾದಿ ಸುಗಮ. ಹೊಟ್ಟಿನ ಜೊತೆಗೆ ಕಣ್ಣಿನೊಳಗೆ ಹೊಕ್ಕದ್ದು ಬೂಷ್ಟು, ಎಂದರೆ ಶಿಲೀಂಧ್ರ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕವಾದ ಪಟಲ, ಕಾರ್ನಿಯ ಎನ್ನುತ್ತಾರೆ, ಅದರ ಗೀರಿನಲ್ಲಿ ಅದು ಬೇರೂರಿತ್ತು.

ಎಂಟನೆಯ ದಿನ ಅವರ ಮಗ ಬಂದ. 'ಅಪ್ಪಗ ರಾತ್ರಿಯಿಡೀ ನಿದ್ದಿಲ್ಲರಿ, ಕಣ್ಣಾಗ ಬೆಳ್ಳಗ ಕಾಣತೈತಿ' ಎಂದ. ಹೋಗಿ ನೋಡಿದೆ. ಕರಿಗುಡ್ಡೆಯ ಮೇಲೆ ಅಕ್ಕಿಯ ನುಚ್ಚಿನಷ್ಟು ಬಿಳಿಯ ಚುಕ್ಕೆ.

ಅದೇ ದಿನ ಹುಬ್ಬಳ್ಳಿಗೆ ಕರೆದೊಯ್ದೆವು. ವೈದ್ಯರು ಹುಣ್ಣಿನ ಅಂಚನ್ನು ಮೆಲ್ಲನೆ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರವೆಂದು ಹೇಳಿದರು. ಇದುವರೆಗೆ ಏನು ಹಾಕಿದಿರಿ ಎಂದು ಕೇಳಿದಾಗ ಅವರು ಅಂಗಿಯ ಕಿಸೆಯಿಂದ ಶೀಶೆ ತೆಗೆದು ಮೇಜಿನ ಮೇಲೆ ಇಟ್ಟರು, ಯಾರು ಕೊಟ್ಟರೆಂದು ಹೇಳಲಿಲ್ಲ. ನಾನು ಕೊಟ್ಟೆ ಎಂದು ನಾನೇ ಹೇಳಬೇಕಾಯಿತು. ವೈದ್ಯರು ಸಿಟ್ಟಾಗಲಿಲ್ಲ. ಶೀಶೆಯನ್ನು ತಿರುಗಿಸಿ ಹೆಸರು ಓದಿ ಬದಿಗಿರಿಸಿದರು. ತರಗತಿಯಲ್ಲಿ ಎಷ್ಟೋ ಹುಡುಗರ ಉತ್ತರಪತ್ರಿಕೆಗಳನ್ನು ನಾನೂ ಹಾಗೆಯೇ ಬದಿಗಿರಿಸಿದ್ದೇನೆ.

ನಾಟಾಮೈಸಿನ್ ಎಂಬ ಹನಿ, ಮೊದಮೊದಲು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ. ಅವರ ಹೆಂಡತಿ ಮಗ ಸರದಿಯಲ್ಲಿ ಎಚ್ಚರವಿದ್ದರು. ಸುಗ್ಗಿಯ ಕೂಲಿ ಹೋಯಿತು. ಎರಡು ತಿಂಗಳ ಮೇಲೆ ಹುಣ್ಣು ಮಾಯಿತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ; ಮಾಯ್ದ ಜಾಗದಲ್ಲಿ ಬಿಳಿಯ ಕಲೆ ನಿಂತುಬಿಟ್ಟಿತು. ಆ ಕಣ್ಣಿನಿಂದ ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸಬಲ್ಲರು, ಅಷ್ಟೇ. ಹನಿಯನ್ನು ಕೊಡದಿದ್ದರೆ ನೋಟ ಪೂರ್ತಿ ಉಳಿಯುತ್ತಿತ್ತೇ ಎಂದು ವೈದ್ಯರನ್ನು ಒಮ್ಮೆ ಕೇಳಿದೆ. ಹೀಗೆಯೇ ಎಂದು ಹೇಳಲಾಗದು, ಬೇಗ ಬಂದಿದ್ದರೆ ಕಲೆ ಚಿಕ್ಕದಿರುತ್ತಿತ್ತು ಎಂದರು. ನನ್ನನ್ನು ಸಂತೈಸಲು ಹಾಗೆ ಹೇಳಿದರೋ ಏನೋ.

ಬೇಡರ ಕಣ್ಣಪ್ಪನ ಕಥೆ ನಿಮಗೆಲ್ಲ ಗೊತ್ತು. ದೇವರ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟವನು. ಇಷ್ಟು ವರುಷ ಆ ಕಥೆಯನ್ನು ಪಾಠ ಹೇಳುವಾಗ ಭಕ್ತಿಯ ಪರಾಕಾಷ್ಠೆ ಎಂಬ ಮಾತನ್ನು ಎಷ್ಟು ಸಲ ಬಳಸಿದ್ದೇನೋ. ಅವನು ಕೊಟ್ಟದ್ದು ತನ್ನ ಕಣ್ಣು. ನಾನು ಕೊಟ್ಟದ್ದು ನನಗೆ ಬೇಡವಾಗಿ ಉಳಿದದ್ದು. 1954ರ ಚಲನಚಿತ್ರದಲ್ಲಿ ಆ ಕಣ್ಣಪ್ಪನ ಪಾತ್ರ ವಹಿಸಿದ ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಅವರ ಮಗ ಪುನೀತ್ ಅವರ ಕಣ್ಣುಗಳು ನಾಲ್ವರಿಗೆ ನೋಟ ಕೊಟ್ಟವು. ದಾನವಾದ ಕಣ್ಣಿನಿಂದ ಇನ್ನೊಬ್ಬರಿಗೆ ಜೋಡಿಸುವುದು ಇಡೀ ಗುಡ್ಡೆಯನ್ನಲ್ಲ, ಈ ಗಾಜಿನಂಥ ಪಟಲವನ್ನೇ. ಸತ್ತ ಆರು ಗಂಟೆಗಳೊಳಗೆ ತೆಗೆಯಬೇಕು. ನಮ್ಮವರ ಹೆಸರೂ ಆ ಸರದಿಯಲ್ಲಿದೆ. ಒಂದು ಕಣ್ಣು ಚೆನ್ನಾಗಿರುವವರ ಸರದಿ ತಡವಾಗಿ ಬರುವುದು ನ್ಯಾಯವೇ.

ಆಮೇಲೆ ನಾನು ಕೇಳಿ ಕೇಳಿ ಗುರುತುಹಾಕಿಕೊಂಡ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಕಣ್ಣು ಕೆಂಪಾಗಿದ್ದು, ರೆಪ್ಪೆ ಬಡಿದರೂ ಮಸುಕು ಹೋಗದಿದ್ದರೆ, ಕೆರೆತವಲ್ಲದೆ ನಿಜವಾದ ನೋವಿದ್ದರೆ, ಬೆಳಕಿಗೆ ಕಣ್ಣು ತೆರೆಯಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಅದು ಕಣ್ಣು ಬಂದದ್ದಲ್ಲ. ಅದೇ ದಿನ ನೇತ್ರವೈದ್ಯರ ಬಳಿ ಹೋಗಬೇಕು. ಕೆಂಪು ಎಲ್ಲಿದೆಯೆಂದೂ ನೋಡಿಕೊಳ್ಳಿ. ಕಣ್ಣು ಬಂದಾಗ ಕೆಂಪು ರೆಪ್ಪೆಯ ಕಡೆಗೆ ಹೆಚ್ಚು, ಕರಿಗುಡ್ಡೆಯ ಕಡೆಗೆ ಕಡಿಮೆ. ಕರಿಗುಡ್ಡೆಯ ಸುತ್ತಲೇ ಬಳೆಯಂತೆ ಕೆಂಪು ಕಟ್ಟಿದ್ದರೆ ತೊಂದರೆ ಒಳಗಿನದು. ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ ಕಾಣುವುದು ಇದ್ದರೆ ಕಣ್ಣಿನ ಒತ್ತಡ ಏರಿರಬಹುದು, ಅದಕ್ಕೆ ಗಂಟೆಗಳ ಲೆಕ್ಕ. ಲೆನ್ಸು ಹಾಕುವವರು, ಕಣ್ಣಿಗೆ ಶಸ್ತ್ರಚಿಕಿತ್ಸೆ ಆದವರು, ಕಡ್ಡಿ ಹೊಟ್ಟು ಸುಣ್ಣ ಗೊಬ್ಬರ ಬಡಿದವರು ಕಾಯುವಂತೆಯೇ ಇಲ್ಲ. ಸುಣ್ಣವೋ ಗೊಬ್ಬರವೋ ಬಿದ್ದಿದ್ದರೆ ಹೊರಡುವ ಮೊದಲು ಶುದ್ಧವಾದ ನೀರನ್ನು ಬಹಳ ಹೊತ್ತು ಧಾರೆಯಾಗಿ ಹೊಯ್ದು ತೊಳೆಯಬೇಕು. ಎರಡು ವಾರವಾದರೂ ಇಳಿಯದ ಕೆಂಪನ್ನೂ ತೋರಿಸಬೇಕು. ಶೀಶೆಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರುಗಳು ಕಂಡರೆ ಅದು ಸ್ಟೀರಾಯ್ಡು. ವೈದ್ಯರು ನಿಮ್ಮ ಕಣ್ಣನ್ನು ನೋಡಿ ಬರೆದ ಹೊರತು ಹಾಕಬಾರದು. ಸರ್ಪಸುತ್ತಿನ ಬಳಗದ ಹರ್ಪಿಸ್ ವೈರಸ್ಸು ಕಣ್ಣಿನಲ್ಲಿದ್ದರೂ ಅದು ಹುಣ್ಣನ್ನು ಬೆಳೆಸುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಮೋತಿಬಿಂದು ಕೂಡುತ್ತದೆ. ತೆರೆದು ತಿಂಗಳಾದ ಶೀಶೆ ಯಾವುದೇ ಇರಲಿ, ಚೆಲ್ಲಿಬಿಡುವುದು ಲೇಸು.

ಹೊಟ್ಟು ಬಿದ್ದ ಮೊದಲ ಹೊತ್ತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದ ಕೆಲಸವೊಂದು ಸಾಕ್ಷಿ. ಅಲ್ಲಿ ಊರೂರಿನ ಸಾಮಾನ್ಯ ಸ್ವಯಂಸೇವಕರಿಗೆ ಕಣ್ಣಿನ ಗೀರನ್ನು ಗುರುತಿಸುವುದನ್ನು ಕಲಿಸಿ, ಗೀರಾದವರಿಗೆ ಕ್ಲೋರಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿಸಿದರು. ಗೀರಾದ 18 ಗಂಟೆಗಳೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನರಿಗೆ ಆಯಿತು. ಇದು 2001ರಲ್ಲಿ ಪ್ರಕಟವಾದ ಸಂಗತಿ. ಯಂತ್ರವಿಲ್ಲ, ದೊಡ್ಡ ಆಸ್ಪತ್ರೆಯಿಲ್ಲ, ಊರಿನವರೇ. ನನ್ನ ಕಟ್ಟೆಯ ಕೆಳಗೆ ಅವರು ಬಂದು ನಿಂತದ್ದು ಎರಡನೆಯ ದಿನ ಎಂಬುದನ್ನು ಇದನ್ನು ಓದಿದಾಗ ಲೆಕ್ಕ ಹಾಕಿದೆ.

ಕಳೆದ ಎರಡು ಸುಗ್ಗಿಗಳಲ್ಲಿ ನಮ್ಮ ಕಣದಲ್ಲಿ ಯಂತ್ರದ ಬಾಯಿಯ ಮುಂದೆ ನಿಲ್ಲುವವರಿಗೆಲ್ಲ ಪ್ಲಾಸ್ಟಿಕ್ಕಿನ ಕನ್ನಡಕ ತಂದಿಟ್ಟಿದ್ದೇನೆ. ಬೆವರಿಗೆ ಮಬ್ಬಾಗುತ್ತದೆಂದು ಹುಡುಗರು ಹಣೆಯ ಮೇಲೆ ಏರಿಸಿಕೊಳ್ಳುತ್ತಾರೆ. ಆಗ ಅವರೇ ಕೂಗಿ ಇಳಿಸುತ್ತಾರೆ. ನನ್ನ ಮಾತಿಗಿಂತ ಅವರ ಮಾತು ನಡೆಯುತ್ತದೆ. ಈ ಭಾಷಣಕ್ಕೆ ಕರೆ ಬಂದಾಗ, ನಿಮ್ಮ ಸಂಗತಿ ಹೇಳಲೇ ಎಂದು ಅವರನ್ನು ಕೇಳಿದೆ. ಕಣದ ಅಂಚಿಗೆ ಕೂತು ಬೀಡಿಯ ಕಟ್ಟು ಬಿಚ್ಚುತ್ತಿದ್ದರು.

'ಹೇಳ್ರಿ ಸರ. ನನ್ನ ಹೆಸರ ಬ್ಯಾಡ. ಹೊಟ್ಟಿಂದು ಹೇಳ್ರಿ.'

ಶೀಶೆಯ ಸಂಗತಿಯನ್ನು ಅವರು ಎತ್ತಲಿಲ್ಲ. ಇದುವರೆಗೆ ಒಮ್ಮೆಯೂ ಎತ್ತಿಲ್ಲ.